ಸಿಸ್ಟರ್ ಮನೆಗೆ ಬಂದು ಬಿಪಿ ನೋಡಿ ಮಾತ್ರೆ ಕೊಟ್ರು, ಕಲಿಸುವ ಕೆಲಸ ಯಾರ ಲೆಕ್ಕದಲ್ಲಿ ಉಂಟು?

ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ ಬಗ್ಗೆ ಪೇಪರಲ್ಲಿ ಬಂದದ್ದನ್ನ ಓದಿ ಮಂಗಳೂರು, ಉಡುಪಿ ಕಡೆ ತುಂಬಾ ಜನಕ್ಕೆ ತಲೆಬುಡ ಅರ್ಥ ಆಗಿಲ್ಲ. ಒಂದು ಕಡೆ ಮನೆ ಬಾಗಿಲಿಗೆ ಮಾತ್ರೆ ಅಂತಾರೆ, ಇನ್ನೊಂದು ಕಡೆ ಮನೆಮನೆ ತಪಾಸಣೆ ಅಂತಾರೆ, ಬರುವುದು ಡಾಕ್ಟರಾ ನರ್ಸಾ ಆಶಾ ಕಾರ್ಯಕರ್ತೆಯಾ ಅಂತ ಗೊತ್ತಾಗುದಿಲ್ಲ. ಈಗ ನೋಡಿಸ್ತಾ ಇರುವ ಡಾಕ್ಟರನ್ನ ಬಿಡ್ಬೇಕಾ ಅಂತ ಕೇಳುವವರಿದ್ದಾರೆ, ಶುಗರ್ ಮಾತ್ರೆ ಸಿಸ್ಟರ್ ಕೊಟ್ರೆ ಧೈರ್ಯವಾಗಿ ತಗೊಳ್ಬಹುದಾ ಅಂತ ಕೇಳುವವರೂ ಇದ್ದಾರೆ. ಈ ಪ್ರಶ್ನೆಗಳಿಗೆಲ್ಲ ಉತ್ತರ ಉಂಟು, ಕೆಳಗೆ ನೋಡುವ. ಆದ್ರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ಬಿಪಿ, ಶುಗರ್ ಅಂದ್ರೆ ಸಾಯುವವರೆಗೂ ಜೊತೆಗಿರುವ ಕಾಯಿಲೆ, ವರ್ಷದ ಹೆಚ್ಚುಕಮ್ಮಿ ಎಲ್ಲಾ ದಿನ ಅದನ್ನ ನೋಡಿಕೊಳ್ಳುವುದು ಡಾಕ್ಟರೂ ಅಲ್ಲ ಸಿಸ್ಟರೂ ಅಲ್ಲ, ರೋಗಿಯೇ. ಹಾಗಾದ್ರೆ ಆ ರೋಗಿಗೆ ಅದನ್ನ ಕಲಿಸುವವರು ಯಾರು, ಕಲಿಸ್ಲಿಕ್ಕೆ ಅವರಿಗೆ ಟೈಮ್ ಕೊಟ್ಟವರು ಯಾರು?

ಯೋಜನೆಯಲ್ಲಿ ಇರುವುದು ಎಂತ

2024ರ ಅಕ್ಟೋಬರಲ್ಲಿ ಕೋಲಾರ ಜಿಲ್ಲೆಯಲ್ಲಿ ಪ್ರಯೋಗ ಅಂತ ಶುರು ಮಾಡಿ ಆಮೇಲೆ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿದ ಯೋಜನೆ ಇದು. 30 ವರ್ಷ ದಾಟಿದವರನ್ನ ಮನೆಯಲ್ಲೇ ತಪಾಸಣೆ ಮಾಡಿ ಬಿಪಿ, ಶುಗರ್, ಬಾಯಿ ಮತ್ತು ಸ್ತನದ ಕ್ಯಾನ್ಸರ್ ಅಂತ ಒಟ್ಟು 14 ಬಗೆಯ ಕಾಯಿಲೆಗಳ ಲಕ್ಷಣ ಉಂಟಾ ಅಂತ ನೋಡುವುದು, ಇದ್ದವರನ್ನ ಆಸ್ಪತ್ರೆಗೆ ಕಳಿಸುವುದು, ಬಿಪಿ ಶುಗರ್ ಇರುವವರಿಗೆ ಮಾತ್ರೆ ಮುಟ್ಟಿಸುವುದು.

ಬರುವ ತಂಡದಲ್ಲಿ ಆಶಾ ಇರ್ತಾರೆ, ಉಪಕೇಂದ್ರದ ಸಿಸ್ಟರ್ ಇರ್ತಾರೆ, ಜೊತೆಗೆ ಸಮುದಾಯ ಆರೋಗ್ಯ ಅಧಿಕಾರಿ, ಅಂದ್ರೆ ಸಿಎಚ್‌ಒ. ಈ ಸಿಎಚ್‌ಒ ಯಾರು ಅಂತಲೇ ಹೆಚ್ಚಿನವರಿಗೆ ಗೊಂದಲ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದಾಗ ಹಳ್ಳಿ ಉಪಕೇಂದ್ರಗಳನ್ನ ಮೇಲ್ದರ್ಜೆಗೆ ಏರಿಸಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಹಾಕಿರ್ತಾರಲ್ಲ, ಅಲ್ಲಿಗೆ ಹಾಕಿದ ಹುದ್ದೆ ಅದು. ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಬಿಎಸ್ಸಿ ನರ್ಸಿಂಗ್ ಮಾಡಿದವರು. ಅವರು ಹೊಸದಾಗಿ ಬಿಪಿ ಮಾತ್ರೆ ಶುರು ಮಾಡುವಂತಿಲ್ಲ, ಅದು ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಡಾಕ್ಟರ ಕೆಲಸ, ಡಾಕ್ಟರ್ ಬರೆದ ಮಾತ್ರೆಯನ್ನ ತಿಂಗಳು ತಿಂಗಳು ಕೊಡಬಹುದು, ಬಿಪಿ ಶುಗರ್ ಅಳೆಯಬಹುದು, ಏರುಪೇರಾದ್ರೆ ಟೆಲಿ ಕನ್ಸಲ್ಟೇಶನ್‌ನಲ್ಲಿ ಡಾಕ್ಟರ ಹತ್ರ ಮಾತಾಡಿಸಬಹುದು. ಹಾಗಾಗಿ ಮೇಲೆ ಕೇಳಿದ ಎರಡು ಪ್ರಶ್ನೆಗೆ ಉತ್ತರ ಸರಳ. ನಿಮ್ಮ ಡಾಕ್ಟರನ್ನ ಬಿಡ್ಬೇಕಾಗಿಲ್ಲ. ಮಾತ್ರೆ ಸಿಸ್ಟರ್ ಕೈಯಿಂದ ಬಂದ್ರೂ ಅದರ ಹಿಂದೆ ಡಾಕ್ಟರ ಚೀಟಿ ಇರ್ಬೇಕು, ಇಲ್ಲದಿದ್ರೆ ಕೇಳಿ. ಮತ್ತೆ, ನೀವು ಈಗಾಗಲೇ ಪ್ರೈವೇಟಲ್ಲಿ ನೋಡಿಸಿ ಮಾತ್ರೆ ತಗೊಳ್ತಾ ಇದ್ರೆ ಆ ಚೀಟಿಯನ್ನ ಅವರಿಗೆ ತೋರಿಸಲೇಬೇಕು, ಯಾಕಂದ್ರೆ ಒಂದೇ ಮಾತ್ರೆ ಎರಡು ಕಂಪೆನಿ ಹೆಸರಲ್ಲಿ ಎರಡು ಕಡೆಯಿಂದ ಬಂದು ಡಬಲ್ ನುಂಗುವ ಅಪಾಯ ಸಣ್ಣದಲ್ಲ.

ಇಲ್ಲಿವರೆಗೆ ಯೋಜನೆ ಒಳ್ಳೆಯದೇ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಡಯಾಬಿಟಿಸ್, 31 ಕೋಟಿಗೂ ಹೆಚ್ಚು ಜನಕ್ಕೆ ಬಿಪಿ, ಇಷ್ಟು ಜನ ಆಸ್ಪತ್ರೆ ಕ್ಯೂನಲ್ಲಿ ನಿಂತ್ರೆ ಯಾವ ಆಸ್ಪತ್ರೆಯೂ ತಡೆಯುದಿಲ್ಲ, ಮನೆಗೇ ಹೋಗ್ಬೇಕು. ತೊಂದರೆ ಇರುವುದು ಮನೆಗೆ ಹೋದ ಮೇಲೆ ಎಷ್ಟು ಹೊತ್ತು ಅಲ್ಲಿ ಕೂತುಕೊಳ್ತಾರೆ ಅನ್ನುವುದರಲ್ಲಿ.

ಹೇಳಿದ್ರೆ ಕಲಿಸಿದ ಹಾಗೆ ಆಗುದಿಲ್ಲ

ಇನ್ಸುಲಿನ್ ವಿಷಯ ತಗೊಳ್ಳುವ. ಡಾಕ್ಟರ್ ಬರೆಯುವುದು ಒಂದೇ ಸಾಲು, ಬೆಳಿಗ್ಗೆ 20 ಯೂನಿಟ್, ರಾತ್ರಿ 10 ಯೂನಿಟ್. ಮನೆಯಲ್ಲಿ ಆ ಒಂದು ಸಾಲು ಹತ್ತು ಕೆಲಸ ಆಗ್ತದೆ. ನಮ್ಮ ದೇಶದಲ್ಲಿ ಬಾಟ್ಲಿಯ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗ್ತದೆ, ಒಂದು ಎಂಎಲ್‌ಗೆ 40 ಯೂನಿಟ್ ಇರುವುದು ಮತ್ತು 100 ಯೂನಿಟ್ ಇರುವುದು. ಸಿರಿಂಜ್ ಕೂಡ ಎರಡು ಬಗೆ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಮೆಡಿಕಲಲ್ಲಿ ಒಂದು ದಿನ ಬೇರೆ ಸಿರಿಂಜ್ ಕೊಟ್ರು, ಮನೆಯವರು ಗಮನಿಸಲಿಲ್ಲ ಅಂತ ಇಟ್ಕೊಳ್ಳಿ. 100ರ ಇನ್ಸುಲಿನನ್ನ ಕೆಂಪು ಮುಚ್ಚಳದ ಸಿರಿಂಜಲ್ಲಿ 20ರ ಗೆರೆವರೆಗೆ ಎಳೆದ್ರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು. ಶುಗರ್ ಇಳಿದು ಪ್ರಜ್ಞೆ ತಪ್ಪಲಿಕ್ಕೆ ಅಷ್ಟು ಸಾಕು. ಉಲ್ಟಾ ಆದ್ರೆ, ಅಂದ್ರೆ 40ರ ಇನ್ಸುಲಿನನ್ನ ಕಿತ್ತಳೆ ಮುಚ್ಚಳದ ಸಿರಿಂಜಲ್ಲಿ ಎಳೆದ್ರೆ, 20 ಯೂನಿಟ್ ಬದಲು ಬರೇ 8 ಹೋಗ್ತದೆ, ಶುಗರ್ ಇಳಿಯುದೇ ಇಲ್ಲ, ಮುಂದಿನ ಸಲ ಹೋದಾಗ ಡಾಕ್ಟರ್ ಡೋಸ್ ಏರಿಸ್ತಾರೆ, ಆಮೇಲೆ ಯಾವತ್ತೋ ಒಂದು ದಿನ ಸರಿ ಸಿರಿಂಜ್ ಸಿಕ್ಕಿದಾಗ ಆ ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗ್ತದೆ.

ಇನ್ನೂ ಉಂಟು. ಒಂದೇ ಜಾಗಕ್ಕೆ ದಿನಾ ಚುಚ್ಚಿದ್ರೆ ಚರ್ಮದಡಿ ಗಂಟು ಕಟ್ತದೆ, ಆ ಗಂಟಿಗೆ ಚುಚ್ಚಿದ ಇನ್ಸುಲಿನ್ ಸರಿಯಾಗಿ ಹೀರಲ್ಪಡುದಿಲ್ಲ, ಆದ್ರೆ ಅಲ್ಲಿ ನೋವು ಕಮ್ಮಿ ಅಂತ ರೋಗಿ ಅಲ್ಲಿಗೇ ಚುಚ್ತಾರೆ. ಬಿಳಿ ಮೋಡದ ಹಾಗೆ ಕಾಣುವ ಇನ್ಸುಲಿನನ್ನ ಕುಲುಕಬಾರದು, ಅಂಗೈಗಳ ನಡುವೆ ಮೆಲ್ಲ ಉರುಳಿಸ್ಬೇಕು. ಓಪನ್ ಮಾಡದ ಬಾಟ್ಲಿ ಫ್ರಿಜ್ಜಲ್ಲಿ ಇರ್ಬೇಕು, ಫ್ರೀಜರಲ್ಲಿ ಅಲ್ಲ, ಓಪನ್ ಮಾಡಿದ್ದನ್ನ ಹೊರಗೆ ಇಟ್ರೆ ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಮುಗಿಸ್ಬೇಕು, ಅದೂ ನಮ್ಮ ಎಪ್ರಿಲ್ ಮೇ ಸೆಖೆಯಲ್ಲಿ ಹಂಚಿನ ಮಾಡಿನಡಿ ಕಪಾಟಲ್ಲಿ ಇಟ್ರೆ ಆಗುದಿಲ್ಲ, ಫ್ರಿಜ್ ಇಲ್ಲದವರಿಗೆ ನೀರು ಹಾಕಿದ ಮಣ್ಣಿನ ಪಾತ್ರೆಯ ಉಪಾಯ ಹೇಳಿಕೊಡ್ಬೇಕು. ಕೈ ನಡುಗಿ, ಬೆವರಿ, ಹಸಿವಾಗಿ ಮಂಕು ಹಿಡಿದ್ರೆ, ಶುಗರ್ 70ಕ್ಕಿಂತ ಕೆಳಗೆ ಬಂದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿದು 15 ನಿಮಿಷ ಬಿಟ್ಟು ಪುನಃ ನೋಡ್ಬೇಕು, ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಎಂತದೂ ಹಾಕಬಾರದು, ಸೀದಾ ಆಸ್ಪತ್ರೆಗೆ.

ಇದನ್ನೆಲ್ಲ ಎರಡು ನಿಮಿಷದಲ್ಲಿ ಗಡಗಡ ಹೇಳಿಬಿಡಬಹುದು. ಕೇಳಿದವರು ತಲೆ ಅಲ್ಲಾಡಿಸ್ತಾರೆ. ವೈದ್ಯಕೀಯ ಮಾಹಿತಿಯಲ್ಲಿ ಶೇಕಡಾ 40ರಿಂದ 80ರಷ್ಟನ್ನ ರೋಗಿಗಳು ಕೇಳಿದ ಕೂಡಲೇ ಮರೀತಾರೆ ಅಂತ ಈ ವಿಷಯದ ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದ 2003ರ ಒಂದು ಲೇಖನ ಹೇಳ್ತದೆ, ನೆನಪಿದ್ದದ್ದರಲ್ಲಿಯೂ ಸುಮಾರು ಅರ್ಧ ತಪ್ಪು ನೆನಪು. ಅದಕ್ಕೇ ನರ್ಸಿಂಗಲ್ಲಿ ಬಲವಾಗಿ ಹೇಳಿಕೊಡುವ ಒಂದು ಕ್ರಮ ಉಂಟು. ಹೇಳಿ ಆದ ಮೇಲೆ "ಅರ್ಥ ಆಯ್ತಾ" ಅಂತ ಕೇಳಬಾರದು, ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ಬದಲಿಗೆ "ಅಮ್ಮಾ, ನಾಳೆ ಬೆಳಿಗ್ಗೆ ಮನೆಯಲ್ಲಿ ಹೇಗೆ ತಗೊಳ್ತೀರಿ, ನಂಗೆ ಒಮ್ಮೆ ಮಾಡಿ ತೋರಿಸಿ, ನಾನು ಸರಿ ಹೇಳಿದ್ದೇನಾ ಅಂತ ನೋಡ್ತೇನೆ" ಅನ್ನಬೇಕು. ಆಗ ಅವರು ಯಾವ ಸಿರಿಂಜ್ ಹಿಡೀತಾರೆ, ಗಾಳಿಗುಳ್ಳೆ ತೆಗೀತಾರಾ, ಗೆರೆ ಕಣ್ಣಿಗೆ ಕಾಣ್ತದಾ ಎಲ್ಲ ಹೊರಗೆ ಬರ್ತದೆ. ಗೆರೆ ಕಾಣುದಿಲ್ಲ ಅಂತಾದ್ರೆ ಮನೆಯಲ್ಲಿ ಯಾರಿಗೆ ಕಲಿಸ್ಬೇಕು ಅಂತಲೂ ಆಗಲೇ ಗೊತ್ತಾಗ್ತದೆ. ಇದಕ್ಕೆ ಎರಡು ನಿಮಿಷ ಸಾಲುದಿಲ್ಲ, ಒಂದೇ ಸಲ ಕೂತ್ರೂ ಸಾಲುದಿಲ್ಲ.

ಡಿಸ್ಚಾರ್ಜ್ ಆಗುವ ಮಧ್ಯಾಹ್ನ

ಈಗ ಕಲಿಸುವುದು ಯಾವಾಗ ಅಂದ್ರೆ ಡಿಸ್ಚಾರ್ಜ್ ಆಗುವ ಹೊತ್ತಲ್ಲಿ. ಮನೆಯವರು ಬಿಲ್ ಕೌಂಟರಲ್ಲಿ ಅಥವಾ ಇನ್ಶೂರೆನ್ಸ್ ಅಪ್ರೂವಲ್ ಕಾಯ್ತಾ ಇರ್ತಾರೆ, ಕೆಳಗೆ ರಿಕ್ಷಾ ನಿಂತಿರ್ತದೆ, ಬೆಡ್ಡಿಗೆ ಇನ್ನೊಬ್ಬರು ಕಾಯ್ತಾ ಇರ್ತಾರೆ, ಆ ಗಡಿಬಿಡಿಯಲ್ಲಿ ಸಿಸ್ಟರ್ ಬಂದು ಮಾತ್ರೆ ಕವರ್ ಮೇಲೆ ಪೆನ್ನಲ್ಲಿ ಬರೆದು, ಇದು ಊಟದ ಮೊದಲು ಇದು ಊಟ ಆದ ಮೇಲೆ ಅಂತ ಹೇಳಿ ಸೈನ್ ತಗೊಳ್ತಾರೆ. ರೋಗಿಗೆ ಮನೆ ಮುಟ್ಟಿದ್ರೆ ಸಾಕು ಅಂತಾಗಿರ್ತದೆ. ಕಲಿಯಲಿಕ್ಕೆ ಇದಕ್ಕಿಂತ ಕೆಟ್ಟ ಹೊತ್ತು ಇಲ್ಲ.

ಸಿಸ್ಟರಿಗೆ ಮನಸ್ಸಿಲ್ಲದ ಕಾರಣಕ್ಕೆ ಹೀಗಾಗುವುದಲ್ಲ. ಸಾವಿರ ಜನಕ್ಕೆ ಮೂವರಾದ್ರೂ ನರ್ಸ್ ಇರ್ಬೇಕು ಅಂತ ಇಟ್ಟುಕೊಂಡ ಅಳತೆಗೆ ನಮ್ಮ ದೇಶದಲ್ಲಿ ಇರುವುದು ಸುಮಾರು ಇಬ್ಬರು, ಅದೂ ರಿಜಿಸ್ಟರಲ್ಲಿ ಹೆಸರಿರುವವರ ಲೆಕ್ಕ. ಮಂಗಳೂರು, ಮಣಿಪಾಲ ಅಂದ್ರೆ ನರ್ಸಿಂಗ್ ಕಾಲೇಜುಗಳ ಊರು, ವರ್ಷ ವರ್ಷ ಎಷ್ಟೋ ಮಕ್ಕಳು ಪಾಸಾಗಿ ಹೊರಗೆ ಬರ್ತಾರೆ, ಬಂದವರಲ್ಲಿ ತುಂಬಾ ಜನ ಒಂದೆರಡು ವರ್ಷ ಅನುಭವ ಮಾಡಿಕೊಂಡು ಗಲ್ಫಿಗೋ ಇಂಗ್ಲೆಂಡಿಗೋ ಹೋಗ್ತಾರೆ, ಇಲ್ಲಿನ ಸಂಬಳ ನೋಡಿದ್ರೆ ಅವರನ್ನ ದೂರುವ ಹಾಗಿಲ್ಲ. ಇದರ ಪರಿಣಾಮ ಮಾತ್ರ ಕಲಿಸುವ ಕೆಲಸದ ಮೇಲೆಯೇ ಬೀಳ್ತದೆ. ಇಂಜೆಕ್ಷನ್ ಕೊಡುವುದನ್ನ ಹೊಸಬರೂ ಮಾಡ್ತಾರೆ, ಆದ್ರೆ ರೋಗಿಯ ಮುಖ ನೋಡಿ ಇವರಿಗೆ ಅರ್ಥ ಆಗಿಲ್ಲ ಅಂತ ಗುರುತಿಸ್ಲಿಕ್ಕೆ ವರ್ಷಗಟ್ಟಲೆ ಅನುಭವ ಬೇಕು, ಆ ಅನುಭವ ಬರುವ ಹೊತ್ತಿಗೆ ಅವರು ವಿಮಾನ ಹತ್ತಿರ್ತಾರೆ.

ತುಳು, ಬ್ಯಾರಿ, ಗಂಜಿ, ಉಪ್ಪಿನಕಾಯಿ

ಕರಾವಳಿಯಲ್ಲಿ ಇದರ ಮೇಲೆ ಇನ್ನೊಂದು ಕಷ್ಟ ಉಂಟು, ಭಾಷೆ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಗೆ ಕಾಸರಗೋಡಿನಿಂದ, ಕೊಡಗಿನಿಂದ, ಚಿಕ್ಕಮಗಳೂರು ಹಾಸನದಿಂದೆಲ್ಲ ಜನ ಬರ್ತಾರೆ, ಒಂದೇ ವಾರ್ಡಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ. ಪ್ರೈವೇಟ್ ಆಸ್ಪತ್ರೆಗಳಲ್ಲಿ ಕೇರಳದ ಸಿಸ್ಟರ್‌ಗಳು ತುಂಬಾ, ಪಾಪ ಅವರು ಬಂದು ಆರು ತಿಂಗಳಲ್ಲಿ ಕನ್ನಡ ಕಲೀತಾರೆ, ಆದ್ರೆ ಬೆಳ್ತಂಗಡಿ ಕಡೆಯ ಅಜ್ಜಿಗೆ ಕನ್ನಡವೇ ಅರ್ಧಂಬರ್ಧ. ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಲ್ಲಿ. "ಕಾಂಡೆ ಒಂಜಿ, ರಾತ್ರೆ ಒಂಜಿ" (ಬೆಳಿಗ್ಗೆ ಒಂದು, ರಾತ್ರಿ ಒಂದು) ಅಂತ ತುಳುವಲ್ಲಿ ಒಂದು ಮಾತು ಹೇಳಿದ್ರೆ ಅಜ್ಜಿಗೆ ಜನ್ಮಕ್ಕೂ ನೆನಪಿರ್ತದೆ, ಆದ್ರೆ ಅದನ್ನ ಹೇಳುವವರು ಆ ಶಿಫ್ಟಲ್ಲಿ ಇರ್ಬೇಕಲ್ಲ.

ಮತ್ತೆ ಊಟ. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ, ನಮ್ಮವರು ತಿನ್ನುವುದು ಅದಕ್ಕಿಂತ ತುಂಬಾ ಹೆಚ್ಚು. "ಉಪ್ಪು ಕಮ್ಮಿ ಮಾಡಿ" ಅಂದ ಕೂಡಲೇ ಮನೆಯಲ್ಲಿ ಸಾರಿಗೆ ಹಾಕುವ ಉಪ್ಪು ಕಮ್ಮಿ ಮಾಡ್ತಾರೆ, ಗಂಜಿಯ ಜೊತೆ ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಮಳೆಗಾಲಕ್ಕೆ ಅಂತ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆ ಎಲ್ಲ ಹಾಗೇ ಮುಂದುವರಿತದೆ, ಯಾಕಂದ್ರೆ ಅದು ಉಪ್ಪು ಅಂತ ಯಾರಿಗೂ ಲೆಕ್ಕಕ್ಕೆ ಬರುದಿಲ್ಲ. ಶುಗರಿಗೂ ಹೀಗೇ. ಕುಚ್ಚಲಕ್ಕಿ ಒಳ್ಳೆಯದು ಅಂತ ಯಾರೋ ಹೇಳಿದ್ರು ಅಂತ ಬಟ್ಟಲು ತುಂಬಾ ಗಂಜಿ ಕುಡಿದ್ರೆ ಒಳ್ಳೆಯ ಅಕ್ಕಿಯೂ ಶುಗರ್ ಏರಿಸ್ತದೆ, ಪ್ರಮಾಣ ಎಷ್ಟು ಅಂತ ಅವರ ಮನೆಯ ಬಟ್ಟಲನ್ನೇ ನೋಡಿ ಹೇಳ್ಬೇಕು. ಏಕಾದಶಿ ಉಪವಾಸ ಮಾಡುವವರಿಗೆ, ರಂಜಾನ್ ಉಪವಾಸ ಹಿಡಿಯುವವರಿಗೆ ಮೊದಲೇ ಕೇಳಿ ತಿಳ್ಕೊಂಡು ಡಾಕ್ಟರ ಹತ್ರ ಮಾತ್ರೆಯ ಹೊತ್ತು ಬದಲಿಸಿ ಕೊಡಿಸ್ಬೇಕು. ಬರೇ "ಉಪವಾಸ ಮಾಡ್ಬೇಡಿ" ಅಂತ ಗದರಿಸಿದ್ರೆ ಅವರು ಉಪವಾಸ ಬಿಡುದಿಲ್ಲ, ಸಿಸ್ಟರಿಗೆ ಹೇಳುವುದನ್ನ ಬಿಡ್ತಾರೆ.

ಊರಿನ ಜನರ ಊಟ, ಭಾಷೆ, ಹಬ್ಬ ಗೊತ್ತಿದ್ದವರು ಮನೆಗೇ ಹೋಗಿ ಕೂತು ಹೇಳಿದ್ರೆ ಇದೆಲ್ಲ ಸರಿ ಹೋಗ್ತದೆ, ಗೃಹ ಆರೋಗ್ಯದಂಥ ಯೋಜನೆಯ ನಿಜವಾದ ಶಕ್ತಿ ಇರುವುದು ಅಲ್ಲಿಯೇ. ಆಸ್ಪತ್ರೆಯ ವಾರ್ಡಲ್ಲಿ ಉಪ್ಪಿನಕಾಯಿ ಭರಣಿ ಕಾಣುದಿಲ್ಲ, ಮನೆಯಲ್ಲಿ ಕಾಣ್ತದೆ.

ಡಾಕ್ಟರ್‌ಗಳ ಆತಂಕ, ಸಿಸ್ಟರ್‌ಗಳ ಸಂಕಟ

ಡಾಕ್ಟರ್‌ಗಳ ಸಂಘಟನೆಗಳಿಗೆ ಇದರಲ್ಲಿ ಒಂದು ಹಳೆಯ ಹೆದರಿಕೆ ಉಂಟು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ಎಂಬಿಬಿಎಸ್ ಮಾಡದ ಸಮುದಾಯ ಆರೋಗ್ಯ ಕಾರ್ಯಕರ್ತರಿಗೂ ಸೀಮಿತ ಲೈಸೆನ್ಸ್ ಕೊಡುವ ವಿಷಯ ಬಂದಾಗ ಭಾರತೀಯ ವೈದ್ಯಕೀಯ ಸಂಘ ದೇಶಾದ್ಯಂತ ಮುಷ್ಕರ ಮಾಡಿತ್ತು. ಅವರ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಎದೆನೋವನ್ನ ಗ್ಯಾಸ್ಟ್ರಿಕ್ ಅಂತ ಯಾರಾದ್ರೂ ಸಮಾಧಾನ ಹೇಳಿದ್ರೆ ಜೀವ ಹೋಗ್ತದೆ. ಆದ್ರೆ ಕಾಯಿಲೆ ಏನು ಅಂತ ತೀರ್ಮಾನ ಮಾಡುವ ಕೆಲಸವನ್ನೂ, ತೀರ್ಮಾನ ಆದ ಮೇಲೆ ಅದರ ಜೊತೆ ಬದುಕ್ಲಿಕ್ಕೆ ಕಲಿಸುವ ಕೆಲಸವನ್ನೂ ಒಂದೇ ಅಂತ ಮಾಡಿ ಜಗಳ ಆಡಿದ್ರೆ ನಷ್ಟ ರೋಗಿಗೆ. ಒಪಿಡಿಯಲ್ಲಿ ನೂರಾರು ಜನ ಕಾಯ್ತಾ ಇರುವಾಗ ಡಾಕ್ಟರ್ ಕೂತು ಸಿರಿಂಜ್ ಹಿಡಿಯುವುದನ್ನ ಕಲಿಸ್ಲಿಕ್ಕೆ ಸಾಧ್ಯವೇ ಇಲ್ಲ, ಅದು ಎಲ್ಲರಿಗಿಂತ ಮೊದಲು ಡಾಕ್ಟರ್‌ಗಳಿಗೇ ಗೊತ್ತು. ಎಲ್ಲಿ ನಿಲ್ಲಿಸಿ ಡಾಕ್ಟರ ಹತ್ರ ಕಳಿಸ್ಬೇಕು ಅನ್ನುವ ಗೆರೆ ಸ್ಪಷ್ಟವಾಗಿದ್ರೆ ಎರಡೂ ಕೆಲಸ ಒಟ್ಟಿಗೆ ನಡೀತದೆ. 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಇದನ್ನೇ ಮಾಡಿದ್ದು, ಡಾಕ್ಟರಿಗೆ ಸರಳವಾದ ಒಂದೇ ಚಿಕಿತ್ಸಾ ಕ್ರಮ, ಹತ್ತಿರದ ಕೇಂದ್ರದಲ್ಲೇ ಮಾತ್ರೆ, ಬಿಪಿ ಅಳೆದು ಹಿಂದೆ ಬಿದ್ದು ವಿಚಾರಿಸ್ಲಿಕ್ಕೆ ನರ್ಸ್.

ಸಿಸ್ಟರ್‌ಗಳ ಸಂಕಟ ಬೇರೆ. ಅವರನ್ನ ಅಳೆಯುವುದು ಸಂಖ್ಯೆಯಲ್ಲಿ. ಎಷ್ಟು ಮನೆ, ಎಷ್ಟು ಬಿಪಿ, ಆ್ಯಪಲ್ಲಿ ಎಷ್ಟು ಎಂಟ್ರಿ. ತೋಟದಿಂದ ಏದುಸಿರು ಬಿಡ್ತಾ ಬಂದವರನ್ನ ಐದು ನಿಮಿಷ ಬೆನ್ನು ಆನಿಸಿ ಕೂರಿಸಿ, ಮಾತಾಡದೆ, ಕೈಯನ್ನ ಎದೆಯ ಮಟ್ಟಕ್ಕೆ ಇಟ್ಟು ಬಿಪಿ ನೋಡ್ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು, ಆದ್ರೆ ಪ್ರತಿ ಮನೆಯಲ್ಲಿ ಆ ಐದು ನಿಮಿಷ ಕೊಟ್ರೆ ಸಂಜೆಗೆ ಟಾರ್ಗೆಟ್ ಆಗುದಿಲ್ಲ. ಅದರ ಮೇಲೆ ಸಿಎಚ್‌ಒಗಳು ಗುತ್ತಿಗೆ ನೌಕರರು, ನಾಳೆ ಇಲ್ಲಿ ಇರ್ತೇವಾ ಅಂತ ಗ್ಯಾರಂಟಿ ಇಲ್ಲ. ಒಬ್ಬ ರೋಗಿಯನ್ನ ವರ್ಷಗಟ್ಟಲೆ ಗೊತ್ತಿದ್ರೆ ಮಾತ್ರ ಆಗುವ ಕೆಲಸವನ್ನ ಗುತ್ತಿಗೆಯ ಮೇಲೆ ನಡೆಸುವುದು ಸರಿಯಲ್ಲ, ಇದನ್ನ ಗಟ್ಟಿಯಾಗಿಯೇ ಹೇಳ್ಬೇಕು.

ಪ್ರೈವೇಟ್ ಆಸ್ಪತ್ರೆಗಳಲ್ಲಿ ದುಡ್ಡಿನ ಲೆಕ್ಕ. ಆಸ್ಪತ್ರೆಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಯ ನಿಯಮಗಳಲ್ಲಿ ರೋಗಿಗೆ ಮತ್ತು ಮನೆಯವರಿಗೆ ತಿಳಿಹೇಳ್ಬೇಕು ಅಂತ ಉಂಟು, ಆಸ್ಪತ್ರೆಗಳು ಅದಕ್ಕೆ ಫಾರ್ಮ್ ಇಟ್ಟಿವೆ, ಸೈನ್ ಆಗ್ತದೆ. ಆದ್ರೆ ಆಯುಷ್ಮಾನ್ ಪ್ಯಾಕೇಜ್ ಇರಲಿ, ಸಾಮಾನ್ಯ ಇನ್ಶೂರೆನ್ಸ್ ಇರಲಿ, ಅರ್ಧ ಗಂಟೆ ಕೂತು ಕಲಿಸಿದ್ದಕ್ಕೆ ಅಂತ ಬೇರೆ ದುಡ್ಡು ಬರುದಿಲ್ಲ. ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಡಯಾಬಿಟಿಸ್ ಇರುವವರಿಗೆ ಮೊದಲ ವರ್ಷ 10 ಗಂಟೆವರೆಗಿನ ತರಬೇತಿಗೆ ದುಡ್ಡು ಕೊಡ್ತದೆ, ಆಮೇಲೆ ವರ್ಷಕ್ಕೆ 2 ಗಂಟೆ. ದುಡ್ಡಿದೆ ಅಂತ ಅಲ್ಲಿಯೂ ಎಲ್ಲರೂ ಹೋಗುದಿಲ್ಲ, ಅದು ಬೇರೆ ಮಾತು, ಆದ್ರೆ ಅದನ್ನ ಚಿಕಿತ್ಸೆಯ ಭಾಗ ಅಂತ ಒಪ್ಪಿಕೊಂಡಿದ್ದಾರೆ.

ಹೀಗೇ ಬಿಟ್ರೆ

ಮಾತ್ರೆ ಮನೆಗೆ ಬಂದ್ರೂ ಹೊಟ್ಟೆಗೆ ಹೋಗುದಿಲ್ಲ. ದೀರ್ಘಕಾಲದ ಕಾಯಿಲೆಗಳಲ್ಲಿ ಶ್ರೀಮಂತ ದೇಶಗಳಲ್ಲಿಯೇ ಸರಾಸರಿ ಅರ್ಧದಷ್ಟು ರೋಗಿಗಳು ಮಾತ್ರ ಹೇಳಿದ ಹಾಗೆ ಔಷಧಿ ತಗೊಳ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿಯೇ ಹೇಳಿತ್ತು. ಬಿಪಿಯಲ್ಲಿ ಇದು ಆಗುವ ಕ್ರಮ ಹೀಗೆ: ಮಾತ್ರೆ ತಗೊಂಡು ಒಂದೆರಡು ತಿಂಗಳಲ್ಲಿ ಬಿಪಿ ನಾರ್ಮಲ್ ಬರ್ತದೆ, ಗುಣ ಆಯ್ತು, ಇನ್ನು ಯಾಕೆ ಸುಮ್ಮನೆ ಇಂಗ್ಲಿಷ್ ಮದ್ದು ಅಂತ ಬಿಡ್ತಾರೆ, ಬಿಟ್ಟ ಕೂಡಲೇ ಎಂತದೂ ಆಗುದಿಲ್ಲ, ತಲೆನೋವೂ ಇಲ್ಲ, ಹಾಗಾಗಿ ಬಿಟ್ಟದ್ದೇ ಸರಿ ಅಂತ ಧೈರ್ಯ ಬರ್ತದೆ, ಒಳಗೆ ರಕ್ತನಾಳ, ಕಿಡ್ನಿ, ಹೃದಯದ ಮೇಲೆ ಒತ್ತಡ ಬೀಳ್ತಾನೇ ಇರ್ತದೆ, ವರ್ಷಗಳು ಕಳೆದ ಮೇಲೆ ಸ್ಟ್ರೋಕ್ ಅಥವಾ ಡಯಾಲಿಸಿಸ್. ಆವಾಗ ದಿಢೀರ್ ಅಂತ ಹೀಗಾಯ್ತು ಅಂತಾರೆ. ದಿಢೀರ್ ಅಲ್ಲ ಅದು, ನಾರ್ಮಲ್ ಬಂದದ್ದು ಮಾತ್ರೆಯಿಂದಲೇ ಅಂತ ಮೊದಲ ತಿಂಗಳಲ್ಲಿ ಒಬ್ಬರು ಕೂತು ಹೇಳಿದ್ದಿದ್ರೆ ತಪ್ಪಿಸಬಹುದಿತ್ತು.

ನಮ್ಮ ಕಡೆ ಇದು ಇನ್ನೂ ಜೋರಾಗಿ ತಾಗ್ತದೆ. ಮಕ್ಕಳು ಬೆಂಗಳೂರು, ಮುಂಬಯಿ, ದುಬೈಯಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರೇ, ಎಷ್ಟೋ ಕಡೆ ಒಬ್ಬರೇ. ಮಗ ಒಳ್ಳೆಯ ಗ್ಲುಕೋಮೀಟರ್ ಕಳಿಸ್ತಾನೆ, ಅಪ್ಪ ದಿನಾ ಚುಚ್ಚಿ ಪುಸ್ತಕದಲ್ಲಿ ನಂಬರ್ ಬರೀತಾರೆ, 260 ಬಂದ್ರೆ ಎಂತ ಮಾಡ್ಬೇಕು 65 ಬಂದ್ರೆ ಎಂತ ಮಾಡ್ಬೇಕು ಅಂತ ಅವರಿಗೆ ಯಾರೂ ಹೇಳಿರುದಿಲ್ಲ. ಸ್ಟ್ರಿಪ್ಪಿನ ದುಡ್ಡು ದಂಡ, ಹೆದರಿಕೆ ಮಾತ್ರ ಜಾಸ್ತಿ.

ಬದಲಾಗ್ಬೇಕಾದ್ದು

ಹೊಸ ಕಟ್ಟಡವೂ ಬೇಡ ಹೊಸ ಆ್ಯಪೂ ಬೇಡ. ಕಲಿಸಿದ್ದನ್ನ ಕೆಲಸ ಅಂತ ಲೆಕ್ಕಕ್ಕೆ ತಗೊಳ್ಬೇಕು, ಎಷ್ಟು ಮನೆ ಅನ್ನುವುದರ ಜೊತೆ ಎಷ್ಟು ಜನ ತಾವೇ ಮಾಡಿ ತೋರಿಸಿದ್ರು, ಆರು ತಿಂಗಳ ಮೇಲೆ ಎಷ್ಟು ಜನರ ಬಿಪಿ 140/90ರ ಒಳಗೆ ಉಂಟು ಅಂತ ಕೇಳಿದ್ರೆ ಸಿಸ್ಟರ್‌ಗಳಿಗೆ ಕೂತುಕೊಳ್ಳಲಿಕ್ಕೆ ಕಾರಣ ಸಿಗ್ತದೆ. ಆಸ್ಪತ್ರೆಯಲ್ಲಿ ಕಲಿಸುವುದು ಅಡ್ಮಿಟ್ ಆದ ಎರಡನೇ ದಿನವೇ ಶುರುವಾಗ್ಬೇಕು, ಮನೆಯವರನ್ನೂ ಕೂರಿಸಿ. ಕರ್ನಾಟಕದ ಆಸ್ಪತ್ರೆಗಳಲ್ಲಿಯೇ ನೂರಾ ಹೆಲ್ತ್ ಅನ್ನುವ ಸಂಸ್ಥೆ ನರ್ಸ್‌ಗಳಿಗೆ ತರಬೇತಿ ಕೊಟ್ಟು ರೋಗಿಯ ಮನೆಯವರಿಗೆ ವಾರ್ಡಲ್ಲೇ ಕ್ಲಾಸ್ ಮಾಡಿಸುವ ಕೆಲಸ ಮಾಡಿದೆ, ಅಂದ್ರೆ ಇದು ನಮ್ಮಲ್ಲಿ ಆಗದ ಮಾತಲ್ಲ. ಕೇರಳದಲ್ಲಿ ಪಾಲಿಯೇಟಿವ್ ಕೇರ್, ಅಂದ್ರೆ ಗಂಭೀರ ಕಾಯಿಲೆಯವರ ನೋವು ಸಂಕಟ ಕಮ್ಮಿ ಮಾಡುವ ಆರೈಕೆಯ ನರ್ಸ್‌ಗಳು ಮನೆಗೆ ಹೋಗಿ ಹುಣ್ಣಿನ ಡ್ರೆಸ್ಸಿಂಗನ್ನ, ಟ್ಯೂಬಲ್ಲಿ ಊಟ ಕೊಡುವುದನ್ನ ಮಗಳಿಗೋ ಸೊಸೆಗೋ ಕಲಿಸಿ ಬರ್ತಾರೆ, ಅದು ಪಕ್ಕದ ಕಾಸರಗೋಡಲ್ಲೇ ಉಂಟು.

ಮತ್ತೊಂದು ಕೊಂಡಿ ಪೂರ್ತಿ ಕಡಿದುಹೋಗಿದೆ. ಮಂಗಳೂರಿನ ದೊಡ್ಡ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಕುಂದಾಪುರದ ಹಳ್ಳಿಗೆ ಹೋದವರ ವಿಷಯ ಆ ಹಳ್ಳಿಯ ಸಿಎಚ್‌ಒಗೆ ಗೊತ್ತಾಗುವ ದಾರಿಯೇ ಇಲ್ಲ, ರೋಗಿ ಅಥವಾ ಮನೆಯವರು ಹೋಗಿ ಹೇಳಿದ್ರೆ ಉಂಟು. ಡಿಸ್ಚಾರ್ಜ್ ಹೊತ್ತಲ್ಲಿ ನಿಮ್ಮ ಉಪಕೇಂದ್ರ ಯಾವುದು ಅಂತ ಒಂದು ಮಾತು ಕೇಳಿ, ಇವರಿಗೆ ಇಂಥ ಇನ್ಸುಲಿನ್, ಇಂಥ ಸಿರಿಂಜ್, ಮಾಡಿ ತೋರಿಸಿದ್ದಾರೆ ಅಥವಾ ಇನ್ನೂ ಬರುದಿಲ್ಲ ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಟ್ರೆ ಅಲ್ಲಿನ ಸಿಸ್ಟರ್ ಅಲ್ಲಿಂದ ಮುಂದುವರಿಸ್ತಾರೆ. ಸರ್ಕಾರದಿಂದ ಅದು ಬರುವವರೆಗೆ ಮನೆಯವರು ಮಾಡಬಹುದಾದ್ದು ಇಷ್ಟು: ಗೃಹ ಆರೋಗ್ಯದವರು ಬರುವ ದಿನ ಎಲ್ಲಾ ಮಾತ್ರೆ, ಸಿರಿಂಜ್, ಇನ್ಹೇಲರ್, ಹಳೆ ಚೀಟಿ ಒಂದು ಚೀಲದಲ್ಲಿ ಹಾಕಿ ತೆಗೆದಿಟ್ಟು ಅವರ ಎದುರೇ ಒಂದೊಂದನ್ನ ತಗೊಳ್ಳುವ ಕ್ರಮ ಮಾಡಿ ತೋರಿಸಿ, ತಪ್ಪಿದ್ರೆ ಹೇಳಿ ಅಂತ ಕೇಳಿ. ದೂರದಲ್ಲಿರುವ ಮಕ್ಕಳು ಆ ಹೊತ್ತಲ್ಲಿ ವಿಡಿಯೋ ಕಾಲಲ್ಲಿ ಇದ್ರೆ ಇನ್ನೂ ಒಳ್ಳೆಯದು. ಸಿಸ್ಟರಿಗೆ ಅರ್ಜೆಂಟ್ ಇದ್ರೆ ಯಾವ ದಿನ ಬಂದ್ರೆ ಕೂತು ಹೇಳಿಕೊಡ್ತೀರಿ ಅಂತ ಉಪಕೇಂದ್ರದ ಫೋನ್ ನಂಬರ್ ತಗೊಂಡು ಆ ದಿನ ಅಲ್ಲಿಗೇ ಹೋಗಿ.